ಆನ್‌ಲೈನ್‌ನಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರ ಜೊತೆ ಕಾಲೇಜು ಸಂಪರ್ಕ ಇಟ್ಟುಕೊಳ್ಳುವುದು ಹೇಗೆ?

ಬಿಸಿಎಗೆ ಪೈಥಾನ್, ಬಿಕಾಂಗೆ ಜಿಎಸ್‌ಟಿ, ಬಿಎಸ್ಸಿಗೆ ಸಂಖ್ಯಾಶಾಸ್ತ್ರ. ಇಂಥ ವಿಷಯಗಳಿಗೆ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಕೊಪ್ಪದಲ್ಲೋ ಊರಲ್ಲೇ ಇದ್ದು ಪಾಠ ಮಾಡುವವರು ಸಿಗುವುದು ಕಷ್ಟ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವವರನ್ನು ಅರೆಕಾಲಿಕವಾಗಿ ನೇಮಿಸಿಕೊಂಡು ಆನ್‌ಲೈನ್‌ನಲ್ಲಿ ತರಗತಿ ನಡೆಸುವುದು ಸುಲಭದ ದಾರಿಯಂತೆ ಕಾಣುತ್ತದೆ. ಪಾಠ ಚೆನ್ನಾಗಿಯೇ ನಡೆಯುತ್ತದೆ. ಎಡವುವುದು ಬೇರೆ ಕಡೆ: ಐಎ (ಆಂತರಿಕ ಮೌಲ್ಯಮಾಪನ) ಪರೀಕ್ಷೆಯ ದಿನ ಬದಲಾದದ್ದು ಅವರಿಗೆ ಗೊತ್ತಿರುವುದಿಲ್ಲ, ಎನ್‌ಎಸ್‌ಎಸ್ ಶಿಬಿರಕ್ಕೆ ಅರ್ಧ ತರಗತಿ ಹೋಗಿರುವುದು ಗೊತ್ತಿರುವುದಿಲ್ಲ, ಗೌರವಧನದ ಬಿಲ್ಲಿಗೆ ಯಾವ ನಮೂನೆ ಎಂದು ಯಾರೂ ಹೇಳಿರುವುದಿಲ್ಲ.

ಕಾಯಂ ಸಿಬ್ಬಂದಿಗೆ ಇದೆಲ್ಲ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಕಿವಿಗೆ ಬೀಳುತ್ತದೆ. ಯಾರೂ ಅದನ್ನು ‘ಮಾಹಿತಿ’ ಎಂದು ಬರೆದು ಕಳಿಸುವುದಿಲ್ಲ, ಕಳಿಸುವ ಅಗತ್ಯವೂ ಬೀಳುವುದಿಲ್ಲ. ದೂರದಿಂದ ಪಾಠ ಮಾಡುವವರಿಗೆ ಆ ಸ್ಟಾಫ್ ರೂಮ್ ಇಲ್ಲ. ಅಲ್ಲಿ ತಾನಾಗಿ ಆಗುತ್ತಿದ್ದ ಕೆಲಸವನ್ನು ಕಾಲೇಜು ಗೊತ್ತಿದ್ದೇ ಮಾಡಬೇಕು. ಪ್ರಾಂಶುಪಾಲರು, ವಿಭಾಗ ಮುಖ್ಯಸ್ಥರು, ವೇಳಾಪಟ್ಟಿ ನೋಡಿಕೊಳ್ಳುವವರು ಇದನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಕೈಗೆತ್ತಿಕೊಂಡರೆ ಒಳ್ಳೆಯದು.

ಹಂತ 1: ಒಬ್ಬರನ್ನು ಗೊತ್ತುಮಾಡಿ

ಅತಿಥಿ ಉಪನ್ಯಾಸಕರು ಯಾವ ಪ್ರಶ್ನೆಯಿದ್ದರೂ ಮೊದಲು ಕೇಳಬೇಕಾದ ವ್ಯಕ್ತಿ ಒಬ್ಬರೇ ಇರಲಿ. ವೇಳಾಪಟ್ಟಿಗೆ ಒಬ್ಬರು, ಅಂಕಕ್ಕೆ ಇನ್ನೊಬ್ಬರು, ಸಂಬಳಕ್ಕೆ ಕಚೇರಿ ಎಂದು ಹಂಚಿದರೆ ದೂರದಲ್ಲಿ ಇರುವವರಿಗೆ ಯಾರ ಕೆಲಸ ಯಾವುದು ಎಂದು ತಿಳಿಯುವುದಿಲ್ಲ. ಮೂವರಿಗೂ ಫೋನ್ ಮಾಡುತ್ತಾರೆ, ಮೂರು ಉತ್ತರ ಬರುತ್ತವೆ.

ಈ ಸಂಪರ್ಕ ವ್ಯಕ್ತಿ ಅದೇ ವಿಭಾಗದ ಕಾಯಂ ಉಪನ್ಯಾಸಕರಾದರೆ ಅನುಕೂಲ. ಪ್ರಾಂಶುಪಾಲರೇ ಆಗುವುದು ಬೇಡ: ಅವರು ಸಭೆಗಳಲ್ಲಿ ಇರುತ್ತಾರೆ, ಸಣ್ಣ ಪ್ರಶ್ನೆ ಕೇಳಲು ಅತಿಥಿ ಉಪನ್ಯಾಸಕರು ಹಿಂಜರಿಯುತ್ತಾರೆ. ಒಬ್ಬರ ಪಾಲಿಗೆ ಐದಾರು ಜನಕ್ಕಿಂತ ಹೆಚ್ಚು ಆನ್‌ಲೈನ್ ಬೋಧಕರು ಬೇಡ. ಈ ಕೆಲಸಕ್ಕೆ ವಾರದಲ್ಲಿ ಒಂದೆರಡು ಗಂಟೆ ಬೇಕಾಗುತ್ತದೆ. ಅದನ್ನು ಅವರ ಕಾರ್ಯಭಾರದ ಲೆಕ್ಕದಲ್ಲಿ ಗಮನಿಸಿ, ಬೇರೆ ಯಾವುದಾದರೂ ಸಮಿತಿಯ ಕೆಲಸ ಕಡಿಮೆ ಮಾಡಿ. ಹಾಗೆ ಮಾಡದಿದ್ದರೆ ಎರಡೇ ತಿಂಗಳಲ್ಲಿ ಈ ಜವಾಬ್ದಾರಿ ಹೆಸರಿಗಷ್ಟೇ ಉಳಿಯುತ್ತದೆ. ಅವರು ಪರೀಕ್ಷಾ ಕೆಲಸಕ್ಕೋ ಮೌಲ್ಯಮಾಪನಕ್ಕೋ ಹೋದಾಗ ಬದಲಿಗೆ ಯಾರು ಎಂಬುದನ್ನೂ ಮೊದಲೇ ಹೇಳಿಡಿ.

ಹಂತ 2: ಮೊದಲ ತರಗತಿಗೆ ಮುಂಚೆ ಎರಡು ಪುಟದ ಮಾಹಿತಿ ಪತ್ರ

ನೇಮಕಾತಿ ಪತ್ರದ ಜೊತೆಗೇ ಇದು ಹೋಗಬೇಕು. ಎರಡು ಪುಟ ದಾಟಿದರೆ ಯಾರೂ ಓದುವುದಿಲ್ಲ. ಅದರಲ್ಲಿ ಇರಬೇಕಾದದ್ದು:

ಹಣದ ವಿಷಯ ಮೊದಲು. ಗಂಟೆಗೆ ಎಷ್ಟು ಅಥವಾ ತಿಂಗಳಿಗೆ ಎಷ್ಟು, ಹಾಜರಿ ವಿವರ ಯಾವ ತಾರೀಕಿನೊಳಗೆ ಕೊಡಬೇಕು, ಖಾತೆಗೆ ಹಣ ಸುಮಾರು ಯಾವಾಗ ಬರುತ್ತದೆ, ಟಿಡಿಎಸ್ ಕಡಿತ ಇದೆಯೇ. ಇದಕ್ಕಿಂತ ಮುಖ್ಯವಾದ, ಎಲ್ಲರೂ ಬರೆಯಲು ಮರೆಯುವ ಮಾತು ಒಂದಿದೆ: ಕಾಲೇಜಿನ ಕಡೆ ಕರೆಂಟ್ ಹೋಗಿ ತರಗತಿ ನಡೆಯದಿದ್ದರೆ ಆ ಗಂಟೆ ಲೆಕ್ಕಕ್ಕೆ ಬರುತ್ತದೆಯೇ? ಐಎ ಉತ್ತರಪತ್ರಿಕೆ ತಿದ್ದುವುದಕ್ಕೆ ಬೇರೆ ಹಣ ಇದೆಯೇ? ಉತ್ತರ ‘ಇಲ್ಲ’ ಎಂದಿದ್ದರೂ ಸ್ಪಷ್ಟವಾಗಿ ಬರೆದುಬಿಡಿ. ಮನಸ್ತಾಪ ಬೆಳೆಯುವುದು ಹಣ ಕಡಿಮೆ ಎಂಬುದಕ್ಕಿಂತ ಹೆಚ್ಚಾಗಿ, ಮೊದಲೇ ಹೇಳಲಿಲ್ಲ ಎಂಬುದರಿಂದ.

ಆಮೇಲೆ ತರಗತಿಯ ವಿಷಯ. ಎಷ್ಟು ವಿದ್ಯಾರ್ಥಿಗಳು, ಪಿಯುಸಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಅಂದಾಜು ಎಷ್ಟು, ಎಲ್ಲರೂ ಕಾಲೇಜಿನ ಒಂದೇ ಕೊಠಡಿಯಲ್ಲಿ ಕೂತು ಪರದೆ ನೋಡುತ್ತಾರೋ ಅಥವಾ ಮನೆಯಿಂದ ಅವರವರ ಫೋನಿನಲ್ಲಿ ಸೇರುತ್ತಾರೋ. ಈ ಕೊನೆಯ ಮಾತು ಗೊತ್ತಿಲ್ಲದೆ ಪಾಠ ತಯಾರಿಸಿದವರು ಮೊದಲ ವಾರವೇ ಕಂಗೆಡುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೆಸುವ ಯೋಜನೆ ಹಾಕಿಕೊಂಡಿರುತ್ತಾರೆ, ಆ ಕಡೆ ಹುಡುಗರ ಕೈಯಲ್ಲಿ ಆರು ಅಂಗುಲದ ಫೋನ್ ಇರುತ್ತದೆ.

ಜೊತೆಗೆ ಪಠ್ಯಕ್ರಮದ ಪಿಡಿಎಫ್, ಹಿಂದಿನ ಎರಡು ವರ್ಷದ ಪ್ರಶ್ನೆಪತ್ರಿಕೆ. ಪಠ್ಯಕ್ರಮ ಯಾವ ವಿಶ್ವವಿದ್ಯಾಲಯದ್ದು, ಯಾವ ವರ್ಷದಿಂದ ಜಾರಿಯಾದದ್ದು ಎಂದು ಕಡತದ ಹೆಸರಿನಲ್ಲೇ ಇರಲಿ. ಚಿಕ್ಕಮಗಳೂರು ಜಿಲ್ಲೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಹಾಸನದ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು, ಆಮೇಲೆ ಹಾಸನಕ್ಕೇ ಬೇರೆ ವಿಶ್ವವಿದ್ಯಾಲಯ ಬಂತು. 2024–25ರಿಂದ ರಾಜ್ಯದಲ್ಲಿ ಪದವಿ ಪಠ್ಯಕ್ರಮವೂ ಬದಲಾಗಿದೆ. ಬೆಂಗಳೂರಿನ ಬೇರೆ ಕಾಲೇಜಿನಲ್ಲಿ ಅದೇ ಹೆಸರಿನ ವಿಷಯ ಹೇಳಿಕೊಡುವವರು ಅದೇ ಘಟಕಗಳೆಂದು ನಂಬಿ ಪಾಠ ಮುಂದುವರಿಸಿದರೆ ಅಕ್ಟೋಬರ್ ಹೊತ್ತಿಗೆ ತಪ್ಪು ಗೊತ್ತಾಗುತ್ತದೆ, ಅಷ್ಟರಲ್ಲಿ ತಿದ್ದಲು ಸಮಯ ಇರುವುದಿಲ್ಲ.

ಕಾಲೇಜಿನ ಇಮೇಲ್ ಐಡಿ, ಗುರುತಿನ ಚೀಟಿ, ಗ್ರಂಥಾಲಯದ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ ಒದಗಿಸುವ ಯೋಜನೆ) ಲಾಗಿನ್ ಇವನ್ನು ಕೇಳುವ ತನಕ ಕಾಯಬೇಡಿ. ಎನ್-ಲಿಸ್ಟ್ ಸದಸ್ಯತ್ವ ಇರುವ ಕಾಲೇಜಿನ ಗ್ರಂಥಪಾಲಕರು ಹೆಸರು ಸೇರಿಸಿದರೆ ಸಾಕು, ಉಪನ್ಯಾಸಕರು ಮನೆಯಿಂದಲೇ ಇ-ಪುಸ್ತಕ, ಪತ್ರಿಕೆಗಳನ್ನು ತೆರೆಯಬಹುದು. ಅರೆಕಾಲಿಕರಿಗೆ ಇದು ದೊಡ್ಡ ಉಪಕಾರ, ಆದರೆ ಹೀಗೊಂದು ಸೌಲಭ್ಯ ಇದೆಯೆಂದೇ ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ.

ಹಂತ 3: ಯಾವ ಮಾತು ಎಲ್ಲಿ

ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದೇ ನಮ್ಮಲ್ಲಿ ರೂಢಿ. ತಪ್ಪಲ್ಲ, ಆದರೆ ಕಾಲೇಜಿನ ಸಾಮಾನ್ಯ ಸ್ಟಾಫ್ ಗುಂಪಿಗೆ ಇವರನ್ನು ಸೇರಿಸಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಅಲ್ಲಿ ಹುಟ್ಟುಹಬ್ಬದ ಶುಭಾಶಯ, ಹಬ್ಬದ ಚಿತ್ರ, ನಿವೃತ್ತರ ಫೋಟೊ ಎಲ್ಲದರ ನಡುವೆ ಪರೀಕ್ಷಾ ಸುತ್ತೋಲೆ ಮುಳುಗಿಹೋಗುತ್ತದೆ. ಎರಡು ಮೂರು ಕಾಲೇಜಿನಲ್ಲಿ ಪಾಠ ಮಾಡುವವರ ಫೋನಿನಲ್ಲಿ ಇಂಥ ಎಷ್ಟು ಗುಂಪುಗಳಿರಬಹುದು ಎಂದು ಯೋಚಿಸಿ.

ಆನ್‌ಲೈನ್ ಬೋಧಕರಿಗೆಂದೇ ಒಂದು ಸೂಚನಾ ಗುಂಪು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಇಡಿ. ಸಂಪರ್ಕ ವ್ಯಕ್ತಿ, ಬದಲಿ ವ್ಯಕ್ತಿ, ಪ್ರಾಂಶುಪಾಲರು ಮೂವರೇ ಅಡ್ಮಿನ್. ವಾರಕ್ಕೆ ನಾಲ್ಕೈದು ಸಂದೇಶ ದಾಟದಿದ್ದರೆ ಅದನ್ನು ಎಲ್ಲರೂ ಓದುತ್ತಾರೆ. ಆ ವಾರದ ಮುಖ್ಯ ಸಂದೇಶವನ್ನು ಪಿನ್ ಮಾಡಿ.

ಉಳಿದದ್ದು ಹೀಗೆ: ಆದೇಶ, ವೇಳಾಪಟ್ಟಿ, ಗೌರವಧನ, ಅಂಕಕ್ಕೆ ಸಂಬಂಧಿಸಿದ ಯಾವುದೇ ವಿಷಯ ಇಮೇಲ್‌ನಲ್ಲಿ, ಏಕೆಂದರೆ ಆರು ತಿಂಗಳ ಮೇಲೆ ಹುಡುಕಿದರೂ ಸಿಗಬೇಕು. ಅಂದಿನ ದಿನದ ಬದಲಾವಣೆ ವಾಟ್ಸ್‌ಆ್ಯಪ್‌ನಲ್ಲಿ. ಒಂದು ಗಂಟೆಯೊಳಗೆ ತಿಳಿಯಲೇಬೇಕಾದದ್ದು ಫೋನ್ ಕರೆಯಲ್ಲಿ. ವಿದ್ಯಾರ್ಥಿಗಳ ಗುಂಪಿಗೆ ಅತಿಥಿ ಉಪನ್ಯಾಸಕರ ನಂಬರ್ ಸೇರಿಸುವ ಮೊದಲು ಅವರನ್ನು ಕೇಳಿ. ಕೆಲವರಿಗೆ, ಅದರಲ್ಲೂ ಉಪನ್ಯಾಸಕಿಯರಿಗೆ, ಸ್ವಂತ ನಂಬರ್ ಅರವತ್ತು ಜನಕ್ಕೆ ಹೋಗುವುದು ಇಷ್ಟವಿರುವುದಿಲ್ಲ. ಅಂಥವರಿಗೆ ಗೂಗಲ್ ಕ್ಲಾಸ್‌ರೂಮ್ ಸಾಕು.

ಸಮಯದ ಮಿತಿಯೂ ಎರಡೂ ಕಡೆಯಿಂದ ಒಪ್ಪಿ ಬರೆದಿಡಿ: ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಂದೇಶ, ಇಮೇಲ್‌ಗೆ ಒಂದು ಕೆಲಸದ ದಿನದೊಳಗೆ ಉತ್ತರ. ಕಾಲೇಜೂ ಈ ಮಾತಿಗೆ ಬದ್ಧವಾಗಿರಬೇಕು. ಉಪನ್ಯಾಸಕರು ಸೋಮವಾರ ಕೇಳಿದ್ದಕ್ಕೆ ಕಚೇರಿ ಗುರುವಾರ ಉತ್ತರಿಸಿದರೆ, ಕಾಲೇಜು ಕೇಳಿದ್ದಕ್ಕೂ ಅವರು ಗುರುವಾರವೇ ಉತ್ತರಿಸುತ್ತಾರೆ.

ಹಂತ 4: ಸಂದೇಶ ಬರೆಯುವ ರೀತಿ

‘ಐಎ ಮಾರ್ಕ್ಸ್ ಬೇಗ ಕಳಿಸಿ ಮೇಡಂ, ಅರ್ಜೆಂಟ್.’ ಇಂಥ ಸಂದೇಶಕ್ಕೆ ಕನಿಷ್ಠ ನಾಲ್ಕು ಮರುಪ್ರಶ್ನೆ ಬರುತ್ತವೆ: ಯಾವ ತರಗತಿ, ಎಷ್ಟಕ್ಕೆ, ಯಾವಾಗ, ಯಾರಿಗೆ? ಅದರ ಬದಲು ಹೀಗೆ ಬರೆದು ನೋಡಿ:

‘ನಮಸ್ಕಾರ ಮೇಡಂ. ಬಿಸಿಎ 3ನೇ ಸೆಮ್, ಪೈಥಾನ್. ಮೊದಲ ಐಎ ಅಂಕಗಳು 14ನೇ ತಾರೀಕು ಶುಕ್ರವಾರ ಸಂಜೆ 4ರೊಳಗೆ ಶೀಟ್‌ನಲ್ಲಿ ಬೇಕು. ಹೆಸರು, ರಿಜಿಸ್ಟರ್ ನಂಬರ್ ಹಾಕಿಟ್ಟಿದ್ದೇವೆ, ಅಂಕದ ಕಾಲಂ ಮಾತ್ರ ತುಂಬಿ. ಬಾರದವರಿಗೆ ‘ಎಬಿ’ ಎಂದು ಹಾಕಿ, ಸೊನ್ನೆ ಬೇಡ. ಆ ದಿನಕ್ಕೆ ಆಗುವುದಿಲ್ಲ ಎಂದಾದರೆ ಬುಧವಾರದೊಳಗೆ ನನಗೆ ತಿಳಿಸಿ.’

ಇಷ್ಟು ಬರೆಯಲು ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅರ್ಧ ದಿನದ ಫೋನ್ ಉಳಿಯುತ್ತದೆ. ಕೊನೆಯ ವಾಕ್ಯವನ್ನು ಬಿಡಬೇಡಿ. ಬೇರೆ ಕೆಲಸವೂ ಇರುವವರಿಗೆ ಆಗುವುದಿಲ್ಲ ಎಂದು ಹೇಳಲು ಒಂದು ಮರ್ಯಾದೆಯ ದಾರಿ ಬೇಕು. ಇಲ್ಲದಿದ್ದರೆ ಅವರು ಸುಮ್ಮನಾಗುತ್ತಾರೆ, ವಿಷಯ ಗೊತ್ತಾಗುವುದು ಕಡೇ ದಿನ.

ಸುತ್ತೋಲೆಯ ಫೋಟೊ ತೆಗೆದು ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತು ಎನ್ನಬೇಡಿ. ಮೂರು ಪುಟದ ಸುತ್ತೋಲೆಯಲ್ಲಿ ಅವರಿಗೆ ಸಂಬಂಧಿಸಿದ್ದು ಒಂದು ಪ್ಯಾರಾ ಇರಬಹುದು. ಆ ಸಾರವನ್ನು ಮೂರು ಸಾಲಿನಲ್ಲಿ ಮೇಲೆ ಬರೆದು, ಕೆಳಗೆ ಸುತ್ತೋಲೆ ಲಗತ್ತಿಸಿ.

ಕನ್ನಡದ ಕಡತಗಳಲ್ಲಿ ಇನ್ನೊಂದು ತೊಡಕಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್ ಬಳಸಿ ಟೈಪ್ ಮಾಡಿದ ವರ್ಡ್ ಕಡತ, ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಆ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅದಕ್ಕೇ ಹೀಗೆ. ಉಪನ್ಯಾಸಕರು ಅದನ್ನು ಹಾಳಾದ ಕಡತ ಎಂದುಕೊಂಡು ಬಿಟ್ಟುಬಿಡುತ್ತಾರೆ. ಓದಲು ಮಾತ್ರ ಕಳಿಸುವುದಾದರೆ ಪಿಡಿಎಫ್ ಮಾಡಿ ಕಳಿಸಿ, ಅವರೂ ತಿದ್ದಬೇಕಾದ ಕಡತವಾದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಹಂತ 5: ವಾರಕ್ಕೊಂದು ಶೀಟ್

ಒಂದು ಗೂಗಲ್ ಶೀಟ್ ಸಾಕು, ತರಗತಿಗೊಂದು ಪುಟ. ಕಾಲಂಗಳು: ತಾರೀಕು, ಸಮಯ, ಯಾವ ಘಟಕ ಎಲ್ಲಿಯವರೆಗೆ ಆಯಿತು, ಎಷ್ಟು ಜನ ಬಂದಿದ್ದರು, ತರಗತಿ ನಡೆಯದಿದ್ದರೆ ಕಾರಣ, ಕಾಲೇಜಿನಿಂದ ಏನಾದರೂ ಬೇಕೇ. ಉಪನ್ಯಾಸಕರು ತರಗತಿ ಮುಗಿದ ಕೂಡಲೇ ಒಂದು ಸಾಲು ತುಂಬುತ್ತಾರೆ, ಸಂಪರ್ಕ ವ್ಯಕ್ತಿ ಶನಿವಾರ ಮಧ್ಯಾಹ್ನ ಎಲ್ಲ ಪುಟಗಳನ್ನು ನೋಡುತ್ತಾರೆ. ‘ಏನಾದರೂ ಬೇಕೇ’ ಕಾಲಂನಲ್ಲಿ ಬರೆದದ್ದಕ್ಕೆ ಮುಂದಿನ ಕಾಲಂನಲ್ಲೇ ಉತ್ತರ ಬರೆಯಬೇಕು. ಎರಡು ವಾರ ಉತ್ತರ ಬರದಿದ್ದರೆ ಮೂರನೆಯ ವಾರದಿಂದ ಆ ಕಾಲಂ ಖಾಲಿ ಇರುತ್ತದೆ, ತೊಂದರೆ ಇದ್ದರೂ.

ತಿಂಗಳ ಕೊನೆಗೆ ಗೌರವಧನದ ಗಂಟೆಗಳನ್ನು ಇದೇ ಶೀಟ್‌ನಿಂದ ಲೆಕ್ಕ ಹಾಕಿ. ಹಣಕ್ಕೆ ಒಂದು ದಾಖಲೆ, ಪಾಠಕ್ಕೆ ಇನ್ನೊಂದು ಎಂದು ಎರಡು ಕಡೆ ಬರೆಸಿದರೆ ಎರಡೂ ತಾಳೆಯಾಗುವುದಿಲ್ಲ. ವಿದ್ಯಾರ್ಥಿಗಳ ಹಾಜರಾತಿ ಶೇ 75ಕ್ಕಿಂತ ಕೆಳಗೆ ಇಳಿಯುವ ಮೊದಲೇ ಎಚ್ಚರಿಸಲೂ ಇದೇ ಆಧಾರ.

ಅಂಕದ ಶೀಟ್ ಬೇರೆಯೇ ಇರಲಿ. ಹೆಸರು ಮತ್ತು ರಿಜಿಸ್ಟರ್ ನಂಬರ್ ಕಾಲಂಗಳನ್ನು ‘ಪ್ರೊಟೆಕ್ಟ್ ರೇಂಜ್’ ಹಾಕಿ ಬದಲಾಯಿಸಲಾಗದಂತೆ ಮಾಡಿ. ಇದು ಏಕೆ ಬೇಕೆಂದರೆ, ಯಾರಾದರೂ ಹೆಸರಿನ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿದರೆ ನಂಬರ್, ಅಂಕ ಹಾಗೇ ಉಳಿದು ಇಡೀ ತರಗತಿಯ ಅಂಕ ಅದಲುಬದಲಾಗುತ್ತದೆ. ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಏರಿಸುವ ಮುನ್ನ ಅತಿಥಿ ಉಪನ್ಯಾಸಕರಿಗೆ ಅಂತಿಮ ಪಟ್ಟಿಯ ಪಿಡಿಎಫ್ ಕಳಿಸಿ, ‘ಸರಿಯಿದೆ’ ಎಂಬ ಇಮೇಲ್ ತರಿಸಿಕೊಳ್ಳಿ.

ಹಂತ 6: ಮಳೆಗಾಲದ ಒಪ್ಪಂದ

ಮಲೆನಾಡಿನ ಕಾಲೇಜುಗಳಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹರಿಯುವುದು, ಮೊಬೈಲ್ ಟವರಿನ ಬ್ಯಾಟರಿ ಖಾಲಿಯಾಗಿ ಊರಿಗೆ ಊರೇ ಸಂಪರ್ಕ ಕಳೆದುಕೊಳ್ಳುವುದು ನಮಗೆ ಗೊತ್ತಿರುವ ಸಂಗತಿ. ಬೆಂಗಳೂರಿನಲ್ಲಿ ಕೂತು ಖಾಲಿ ಪರದೆ ನೋಡುತ್ತಿರುವವರಿಗೆ ಅದು ಗೊತ್ತಿಲ್ಲ. ಹುಡುಗರು ಬೇಕೆಂದೇ ಸೇರಲಿಲ್ಲ ಎಂದುಕೊಳ್ಳುತ್ತಾರೆ.

ಮಳೆ ರಜೆಯಲ್ಲಿ ಇನ್ನೂ ಒಂದು ಗೊಂದಲವಿದೆ. ಜಿಲ್ಲಾಧಿಕಾರಿಗಳ ಆದೇಶ ಕೆಲವೊಮ್ಮೆ ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಗ್ಗೆಯೇ ಬರುತ್ತದೆ. ಅದೂ ಆಯ್ದ ತಾಲ್ಲೂಕುಗಳಿಗೆ ಮಾತ್ರ ಇರಬಹುದು. ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಳಸಕ್ಕೆ ರಜೆ ಇದ್ದು ಕಡೂರಿನಲ್ಲಿ ಕಾಲೇಜು ನಡೆಯಬಹುದು. ಸಕಲೇಶಪುರಕ್ಕೆ ರಜೆ, ಅರಸೀಕೆರೆಗೆ ಇಲ್ಲ. ಕೆಲವು ಆದೇಶ ಅಂಗನವಾಡಿ, ಶಾಲೆ, ಪಿಯು ಕಾಲೇಜಿಗಷ್ಟೇ, ಪದವಿ ಕಾಲೇಜಿಗೆ ಅನ್ವಯಿಸುವುದಿಲ್ಲ. ಸುದ್ದಿಯಲ್ಲಿ ‘ಚಿಕ್ಕಮಗಳೂರು ಜಿಲ್ಲೆಯಲ್ಲಿ ರಜೆ’ ಎಂದು ಓದಿದ ಉಪನ್ಯಾಸಕರು ತರಗತಿ ಇಲ್ಲ ಎಂದು ತಿಳಿದರೆ ಅವರ ತಪ್ಪಲ್ಲ. ಆದೇಶ ಬಂದ ಕೂಡಲೇ ಸಂಪರ್ಕ ವ್ಯಕ್ತಿ ಗುಂಪಿನಲ್ಲಿ ಒಂದೇ ಸಾಲು ಹಾಕಬೇಕು: ‘ಇಂದು ನಮ್ಮ ಕಾಲೇಜಿಗೆ ರಜೆ ಇದೆ’ ಅಥವಾ ‘ಇಲ್ಲ, ತರಗತಿ ಎಂದಿನಂತೆ’.

ತರಗತಿ ಇದ್ದೂ ಸಂಪರ್ಕ ಕೆಟ್ಟರೆ ಏನು ಮಾಡಬೇಕು ಎಂಬುದು ಮೊದಲೇ ನಿಗದಿಯಾಗಿರಲಿ. ಒಂದು ಕ್ರಮ ಹೀಗಿರಬಹುದು: ಹಿಂದಿನ ಸಂಜೆಯೇ ಉಪನ್ಯಾಸಕರು ಆ ಪಾಠದ ಎರಡು ಮೂರು ಪುಟದ ಟಿಪ್ಪಣಿಯನ್ನು ಪಿಡಿಎಫ್ ಆಗಿ ಹಾಕಿರುತ್ತಾರೆ. ವಿಡಿಯೊ ನಿಲ್ಲುತ್ತಿದ್ದರೆ ಎರಡೂ ಕಡೆ ಕ್ಯಾಮೆರಾ ಆಫ್ ಮಾಡಿ ಧ್ವನಿಯಲ್ಲಷ್ಟೇ ಪಾಠ, ಮಕ್ಕಳು ಪಿಡಿಎಫ್ ನೋಡಿಕೊಳ್ಳುತ್ತಾರೆ. ಹದಿನೈದು ನಿಮಿಷವಾದರೂ ಸೇರಲಾಗದಿದ್ದರೆ ತರಗತಿ ಪ್ರತಿನಿಧಿ ಸಾಮಾನ್ಯ ಫೋನ್ ಕರೆ ಮಾಡಿ ತಿಳಿಸುತ್ತಾರೆ, ಆ ತರಗತಿ ಅದೇ ವಾರದ ಮೀಸಲು ಗಂಟೆಗೆ ಹೋಗುತ್ತದೆ. ಮೀಸಲು ಗಂಟೆಯನ್ನು, ಉದಾಹರಣೆಗೆ ಶನಿವಾರ 11ರಿಂದ 12, ಸೆಮಿಸ್ಟರ್ ಮೊದಲೇ ಇಬ್ಬರೂ ಖಾಲಿ ಇಟ್ಟುಕೊಂಡಿರಬೇಕು. ಆಮೇಲೆ ಹುಡುಕಿದರೆ ಅರೆಕಾಲಿಕರ ಬಳಿ ಬಿಡುವು ಸಿಗುವುದಿಲ್ಲ.

ಕಾಲೇಜಿನ ಕೊಠಡಿಯಲ್ಲಿ ಪರದೆಯ ಮೇಲೆ ಪಾಠ ನಡೆಯುವುದಾದರೆ ಫೈಬರ್ ಮೋಡೆಮ್‌ಗೆ 12 ವೋಲ್ಟ್‌ನ ಸಣ್ಣ ರೌಟರ್ ಯುಪಿಎಸ್ ಹಾಕಿಸಿ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ತರಗತಿ ಮುಂದುವರಿಯುತ್ತದೆ, ಪ್ರೊಜೆಕ್ಟರ್ ಆರಿದರೂ ಧ್ವನಿ ಉಳಿಯುತ್ತದೆ.

ಅದೇ ಕೊಠಡಿಯ ಧ್ವನಿಯ ಬಗ್ಗೆ ಎರಡು ಮಾತು. ಪ್ರತಿಧ್ವನಿ ಬರುತ್ತಿದ್ದರೆ ಬಹುಪಾಲು ಕಾರಣ, ಅದೇ ಕೊಠಡಿಯಲ್ಲಿ ಇನ್ನೊಂದು ಫೋನೂ ತರಗತಿಗೆ ಸೇರಿರುವುದು. ಒಂದು ಸಾಧನದ ಮೈಕ್ ಮತ್ತು ಸ್ಪೀಕರ್ ಬಿಟ್ಟು ಉಳಿದೆಲ್ಲ ಬಂದ್ ಆಗಬೇಕು. ಲ್ಯಾಪ್‌ಟಾಪ್‌ನ ಮೈಕ್‌ಗೆ ಹಿಂದಿನ ಬೆಂಚಿನ ಪ್ರಶ್ನೆ ಕೇಳಿಸುವುದಿಲ್ಲ. ಒಂದು ಯುಎಸ್‌ಬಿ ಸ್ಪೀಕರ್‌ಫೋನ್ ಇಡಿ, ಇಲ್ಲವೇ ಮುಂದಿನ ಬೆಂಚಿನ ಇಬ್ಬರು ವಿದ್ಯಾರ್ಥಿಗಳು ಪ್ರಶ್ನೆಯನ್ನು ಮತ್ತೆ ಹೇಳುವಂತೆ ಗೊತ್ತುಮಾಡಿ. ಆ ಇಬ್ಬರೇ ತರಗತಿಗೆ ಹತ್ತು ನಿಮಿಷ ಮೊದಲು ಬಂದು ಎಲ್ಲ ಹಚ್ಚಿ ನೋಡಲಿ. ‘ಮಕ್ಕಳು ಪ್ರಶ್ನೆಯನ್ನೇ ಕೇಳುವುದಿಲ್ಲ’ ಎಂದು ಉಪನ್ಯಾಸಕರು ಬೇಸರಪಡುತ್ತಿದ್ದರೆ, ಮೊದಲು ಮೈಕ್ ಪರೀಕ್ಷಿಸಿ.

ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದ ಮೇಲೆ ಕೆಲವು ಮಕ್ಕಳು ತೋಟದ ಕೆಲಸಕ್ಕೆ ಹೋಗಿ ಹಾಜರಾತಿ ಕುಸಿಯುವುದನ್ನೂ, ಹಾಸನದಲ್ಲಿ ಹಾಸನಾಂಬ ಜಾತ್ರೆಯ ದಿನಗಳನ್ನೂ ಮುಂಚೆಯೇ ತಿಳಿಸಿ. ಆ ವಾರಗಳಲ್ಲಿ ಪರೀಕ್ಷೆ, ಪ್ರಾಜೆಕ್ಟ್ ಗಡುವು ಇಡದಂತೆ ಅವರು ಯೋಜಿಸಿಕೊಳ್ಳಬಹುದು.

ಹಂತ 7: ದೂರು ಬಂದಾಗ

ವಿದ್ಯಾರ್ಥಿಗಳು ‘ಪಾಠ ಅರ್ಥವಾಗುತ್ತಿಲ್ಲ’ ಎಂದು ಪ್ರಾಂಶುಪಾಲರ ಬಳಿ ಬರುವುದು ಸಹಜ. ಕಾಯಂ ಉಪನ್ಯಾಸಕರಾದರೆ ಅದೇ ದಿನ ಎದುರು ಸಿಕ್ಕಿ ಮಾತು ಮುಗಿಯುತ್ತದೆ. ಅತಿಥಿ ಉಪನ್ಯಾಸಕರಿಗೆ ಅದು ಎಷ್ಟೋ ಸಲ ಮುಂದಿನ ಸೆಮಿಸ್ಟರ್ ಕೆಲಸ ಸಿಗದೆ ಹೋದಾಗಷ್ಟೇ ಗೊತ್ತಾಗುತ್ತದೆ. ಇದು ಅನ್ಯಾಯ.

ದೂರು ಬಂದ ಎರಡು ದಿನದೊಳಗೆ ಸಂಪರ್ಕ ವ್ಯಕ್ತಿ ಫೋನ್ ಮಾಡಲಿ, ಸಂದೇಶ ಬೇಡ. ಮೊದಲು ಯಾವ ತರಗತಿ, ಯಾವ ಪಾಠ, ಎಷ್ಟು ಜನ ಹೇಳಿದ್ದು ಎಂದು ನಿಖರವಾಗಿ ಕೇಳಿ ತಿಳಿದುಕೊಂಡಿರಬೇಕು. ‘ಹುಡುಗರು ಏನೇನೋ ಹೇಳುತ್ತಿದ್ದಾರೆ’ ಎಂಬ ಮಾತು ಯಾರಿಗೂ ಉಪಯೋಗವಿಲ್ಲ. ‘ಎರಡನೇ ಘಟಕದ ಲೂಪ್‌ಗಳಲ್ಲಿ ತುಂಬಾ ಜನ ಹಿಂದೆ ಉಳಿದಿದ್ದಾರೆ ಸರ್, ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರೆ ಆಗುತ್ತದೆ’ ಎಂದರೆ ಮರುದಿನವೇ ಸರಿಹೋಗುತ್ತದೆ. ಮಾತಾಡಿದ್ದನ್ನು ಎರಡು ಸಾಲಿನ ಇಮೇಲ್‌ನಲ್ಲಿ ದಾಖಲಿಸಿ. ಗುಂಪಿನಲ್ಲಿ ಎಂದೂ ಪ್ರಸ್ತಾಪಿಸಬೇಡಿ.

ಹಂತ 8: ಸಭೆಗಳು

ಸೆಮಿಸ್ಟರಿಗೆ ಮೂರು ಸಭೆ ಸಾಕು: ಶುರುವಿನಲ್ಲಿ, ಮೊದಲ ಐಎ ಆದ ಮೇಲೆ, ಪರೀಕ್ಷೆಗೆ ಮೂರು ವಾರ ಮುಂಚೆ. ಬೆಳಗ್ಗೆ 11ಕ್ಕೆ ಇಟ್ಟರೆ ಅವರು ಬೇರೆ ಕಡೆ ಪಾಠದಲ್ಲಿ ಇರುತ್ತಾರೆ, ಸಂಜೆ ಆರರ ನಂತರ ಇಡಿ. ಅರ್ಧ ಗಂಟೆಯಲ್ಲಿ ಮುಗಿಸಿ. ಉಚಿತ ಝೂಮ್ ಖಾತೆ 40 ನಿಮಿಷಕ್ಕೆ, ಮೂವರು ಅಥವಾ ಹೆಚ್ಚು ಜನರಿರುವ ಉಚಿತ ಗೂಗಲ್ ಮೀಟ್ 60 ನಿಮಿಷಕ್ಕೆ ಕಡಿತವಾಗುತ್ತದೆ ಎಂಬುದೂ ನೆನಪಿರಲಿ. ಇದೇ ಮಿತಿ ತರಗತಿಗೂ ಅನ್ವಯಿಸುವುದರಿಂದ, ಕಾಲೇಜಿಗೆ ಗೂಗಲ್‌ನ ಉಚಿತ ಶಿಕ್ಷಣ ಖಾತೆ ಪಡೆದುಕೊಳ್ಳುವುದು ವಾಸಿ.

ಸಭೆಯಲ್ಲಿ ಅರ್ಧ ಸಮಯ ಅವರು ಮಾತಾಡಲಿ. ಬೇರೆ ಕಾಲೇಜುಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೋಡಿದವರು ಅವರೇ.

ಹಂತ 9: ಸೆಮಿಸ್ಟರ್ ಮುಗಿಯುವಾಗ

ಗೂಗಲ್ ಕ್ಲಾಸ್‌ರೂಮ್ ಅನ್ನು ಉಪನ್ಯಾಸಕರು ಸ್ವಂತ ಜಿಮೇಲ್‌ನಲ್ಲಿ ಮಾಡಿದ್ದರೆ ಅವರು ಹೋದಾಗ ಟಿಪ್ಪಣಿ, ಅಸೈನ್‌ಮೆಂಟ್, ಅಂಕ ಎಲ್ಲ ಅವರ ಜೊತೆಗೇ ಹೋಗುತ್ತದೆ. ಶುರುವಿನಲ್ಲೇ ಕಾಲೇಜಿನ ಐಡಿಯಿಂದ ತರಗತಿ ರಚಿಸಿ, ಅವರನ್ನು ಶಿಕ್ಷಕರಾಗಿ ಸೇರಿಸಿ. ಅವರು ಬರೆದ ಟಿಪ್ಪಣಿಯನ್ನು ಮುಂದಿನ ವರ್ಷ ಬೇರೆಯವರಿಗೆ ಕೊಡುವುದಾದರೆ ಒಪ್ಪಿಗೆ ಕೇಳಿ, ಹೆಸರು ಉಳಿಸಿ.

ಕೊನೆಯ ಬಿಲ್ಲಿಗೆ ಬೇಕಾದ ಕಾಗದಗಳ ಪಟ್ಟಿಯನ್ನು ಕೊನೆಯ ತರಗತಿಗೆ ಹತ್ತು ದಿನ ಮುಂಚೆ ಕಳಿಸಿ. ಕೆಲಸದ ಅನುಭವ ಪ್ರಮಾಣಪತ್ರವನ್ನು ಅವರು ಕೇಳದೆಯೇ ತಯಾರಿಸಿಡಿ, ಮುಂದಿನ ನೇಮಕಾತಿಯಲ್ಲಿ ಅವರಿಗೆ ಅದು ಬೇಕೇ ಬೇಕು. ಮುಂದಿನ ಸೆಮಿಸ್ಟರ್‌ಗೆ ಅವರನ್ನು ಕರೆಯುತ್ತೀರೋ ಇಲ್ಲವೋ ಎಂಬುದನ್ನು ಗೊತ್ತಾದ ದಿನವೇ ತಿಳಿಸಿ. ಇನ್ನೂ ತೀರ್ಮಾನವಾಗಿಲ್ಲ ಎಂದಾದರೆ ಅದನ್ನೇ ಬರೆದು, ಯಾವ ತಾರೀಕಿನೊಳಗೆ ಹೇಳುತ್ತೀರಿ ಎಂದು ಸೇರಿಸಿ. ಆ ತಾರೀಕಿಗೆ ಫೋನ್ ಮಾಡಿ.